ಕೋಲು ಬಿಡಬೇಡ ಎಂದವನು

ಅಮೋಘಸಿದ್ದ ಮಾಸ್ತರನಿಗೆ ಈಗ ನಲವತ್ತೆಂಟು. ಇಷ್ಟು ವರ್ಷಗಳಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ಮಾತ್ರ ವಾಪಸು ತಗೊಳ್ಳುವ ಹಾಗಿದ್ದರೆ ಅವನು ‘ಶಹಬ್ಬಾಸ್’ ಎಂಬುದನ್ನು ತಗೊಳ್ಳುತ್ತಿದ್ದ. ಅದು ಬೈಗುಳವಲ್ಲ, ಸುಳ್ಳು ಸಾಕ್ಷಿಯೂ ಅಲ್ಲ, ಬರೀ ಹೊಗಳಿಕೆ. ವಿಜಯಪುರದ ಒಂದು ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ಮಂಚದ ಪಕ್ಕ ನಿಂತು ಅದನ್ನು ಆಡಿದ. ಅವಳ ಬಲಗೈ ಮೊಣಕೈಯವರೆಗೆ ಬಿಳಿ ಪಟ್ಟಿಯೊಳಗಿತ್ತು. ಅವನ ಜೇಬಿನಲ್ಲಿ ಕತ್ತರಿಸಿದ ಒಂದು ಕರಿ ಉಣ್ಣೆಯ ದಾರವಿತ್ತು. ಆ ದಾರ ಏನು ಹೇಳುತ್ತಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆಡಿದ.

ದಾರದ ಕಥೆ ಅವನ ಊರಾದ ಕನಮಡಿಯಿಂದ ಶುರುವಾಗುತ್ತದೆ. ಅಮೋಘಸಿದ್ದನದು ಕುರಿ ಸಾಕುವ ಮನೆತನ. ಅಪ್ಪ ರಾಮಲಿಂಗ ವರ್ಷದ ಎಂಟು ತಿಂಗಳು ಹಿಂಡಿನ ಹಿಂದೆಯೇ ಇರುತ್ತಿದ್ದ. ಅವನ ಕೋಲಿನ ತುದಿಗೊಂದು ತೂತು. ಆ ತೂತಿನಲ್ಲಿ ಕರಿ ಕುರಿಯ ಉಣ್ಣೆಯಿಂದ ಹೊಸೆದ ದಾರದ ಕುಣಿಕೆ. ಆ ಕುಣಿಕೆಯೊಳಗೆ ಮಣಿಕಟ್ಟು. ಕುರಿ ಬೆದರಲಿ, ನಿದ್ದೆ ಜೊಂಪು ಹತ್ತಲಿ, ಕೋಲು ಮಾತ್ರ ಕೈಬಿಟ್ಟು ನೆಲಕ್ಕೆ ಬೀಳಬಾರದು. ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು. ಅಮಾವಾಸ್ಯೆಗೆ ಅರಕೇರಿ ಗುಡ್ಡದ ಗುಡಿಯಿಂದ ತಂದ ಭಂಡಾರವನ್ನು, ಎಂದರೆ ದೇವರ ಅರಿಶಿನವನ್ನು, ಕೋಲಿಗೆ ಹಚ್ಚಿ ಕೈಮುಗಿಯಬೇಕು. ಒಮ್ಮೆ ತೋಳವೊಂದು ಮರಿಯನ್ನು ಬಿಟ್ಟು ರಾಮಲಿಂಗನ ಕೋಲನ್ನೇ ಬಾಯಲ್ಲಿ ಹಿಡಿದು ಜಗ್ಗಿತ್ತಂತೆ. ಕುಣಿಕೆ ಇದ್ದುದರಿಂದ ಕೋಲು ಉಳಿಯಿತು, ಮರಿಯೂ ಉಳಿಯಿತು. ಈ ಕಥೆಯನ್ನು ಅಮೋಘಸಿದ್ದ ನೂರು ಸಲ ಕೇಳಿ ಬೆಳೆದ. ತೋಳಕ್ಕೆ ಮೋಟಾರ್ ಸೈಕಲ್ಲು ಇರಲಿಲ್ಲ ಎಂಬುದು ಮಾತ್ರ ಯಾವ ಸಲವೂ ಅವನಿಗೆ ಹೊಳೆಯಲಿಲ್ಲ.

ಇಪ್ಪತ್ತೈದು ದಾಟಿದ ಮೇಲೆ ಅವನು ಕುವೈತಿಗೆ ಹೋದ. ದೊಡ್ಡದೊಂದು ಗೋದಾಮಿನಲ್ಲಿ ಕಾವಲಿನ ಕೆಲಸ. ಜೊತೆಗಾರನಾಗಿ ಸಿಕ್ಕವನು ರೋಡೆಲ್, ಫಿಲಿಪೈನ್ಸ್ ದೇಶದ ಸೆಬು ಎಂಬ ಕಡೆಯವನು. ಕುಳ್ಳ, ನಗುಮುಖ, ಎರಡು ಬೆತ್ತದ ಕೋಲು ಹಿಡಿದನೆಂದರೆ ಗಾಳಿಯಲ್ಲಿ ಚಾಪೆ ನೇಯುತ್ತಿದ್ದಾನೆ ಅನಿಸುತ್ತಿತ್ತು. ಅವರ ದೇಶದ ಆ ಕೋಲುವಿದ್ಯೆಗೆ ಅರ್ನಿಸ್ ಎಂದು ಹೆಸರು. ಜೋಡಿ ಕೋಲಿನ ಆ ಆಟಕ್ಕೆ ಚಾಪೆ ನೇಯ್ಗೆಯದೇ ಹೆಸರಿದೆ ಎಂದು ರೋಡೆಲ್ ಮುರುಕು ಹಿಂದಿಯಲ್ಲಿ ಹೇಳಿದಾಗ ಅಮೋಘಸಿದ್ದನಿಗೆ ಕನಮಡಿಯ ಮನೆಯ ಕಂಬಳಿ ಮಗ್ಗ ನೆನಪಾಗಿತ್ತು. ಆರು ವರ್ಷ ಕಲಿತ. ಹನ್ನೆರಡು ದಿಕ್ಕಿನ ಹೊಡೆತ, ನೆಲದ ಮೇಲೆ ಸುಣ್ಣದಲ್ಲಿ ಬರೆದ ತ್ರಿಕೋನದ ಹೆಜ್ಜೆ, ಕೋಲು ಹಿಡಿಯದ ಕೈಯ ಕೆಲಸ, ಎಲ್ಲ ಕಲಿತ.

ಒಂದನ್ನು ಮಾತ್ರ ಕಲಿಯಲಿಲ್ಲ. ರೋಡೆಲ್ ದಿನವೂ ಅದನ್ನೇ ಹೇಳುತ್ತಿದ್ದ: ಎದುರಿನವನು ಕೋಲು ಹಿಡಿದುಕೊಂಡನೋ, ಬಿಟ್ಟುಬಿಡು. ಅವನ ಕೈ ಕೋಲಿನಲ್ಲಿ ಸಿಕ್ಕಿಬಿತ್ತು, ನಿನ್ನದು ಖಾಲಿಯಾಯಿತು. ಆ ಖಾಲಿ ಕೈಯಿಂದ ಒಂದು ಕೊಡು, ಇಲ್ಲ ಓಡು. ಕೋಲೆಂದರೆ ಏನು ಮಹಾ, ಕೊಡೆಯೂ ಕೋಲೇ, ನೀರಿನ ಬಾಟಲಿಯೂ ಕೋಲೇ, ಸುರುಳಿ ಸುತ್ತಿದ ಪೇಪರೂ ಕೋಲೇ. ಅಭ್ಯಾಸ ಮುಗಿದ ಮೇಲೆ ಅವನು ತನ್ನ ಬೆತ್ತವನ್ನು ಚಪ್ಪಲಿ ಎಸೆದಂತೆ ಮೂಲೆಗೆ ಎಸೆಯುತ್ತಿದ್ದ. ಅಮೋಘಸಿದ್ದ ಅದನ್ನು ಎತ್ತಿ ಕಣ್ಣಿಗೆ ಒತ್ತಿ ಗೋಡೆಗೆ ಒರಗಿಸುತ್ತಿದ್ದ. ತನ್ನ ಬೆತ್ತಕ್ಕೆ ಊರಿನಿಂದ ತಂದ ಉಣ್ಣೆ ದಾರದ ಕುಣಿಕೆಯನ್ನೂ ಕಟ್ಟಿದ. ರೋಡೆಲ್ ಅದನ್ನು ನೋಡಿ, ಡಬ್ಬ ಕೊಯ್ಯುವ ಬ್ಲೇಡಿನಿಂದ ಕತ್ತರಿಸಿ ಅವನ ಅಂಗೈಗೆ ಹಾಕಿ ಕೇಳಿದ, “ಇದು ಕೋಲಿಗೆ ಕಟ್ಟಿದ್ದೋ, ನಿನಗೆ ಕಟ್ಟಿದ್ದೋ?”

ಅಮೋಘಸಿದ್ದ ನಕ್ಕ. ಮರುದಿನ ಇನ್ನೊಂದು ಕಟ್ಟಿಕೊಂಡ.

ಊರಿಗೆ ಮರಳಿ ಕೆಲವು ವರ್ಷ ಅದೂ ಇದೂ ಮಾಡಿ, ಕೊನೆಗೆ ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಅರಿವೆ ವ್ಯಾಪಾರಿ ಗುರಲಿಂಗಪ್ಪನವರ ಹಳೇ ಹತ್ತಿ ಗೋದಾಮಿನ ಮಾಳಿಗೆಯಲ್ಲಿ ತರಗತಿ ಶುರುಮಾಡಿದ. ‘ಫಿಲಿಪೈನ್ಸ್ ಕೋಲುವಿದ್ಯೆ, ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ’ ಎಂದು ಬೋರ್ಡು ಹಾಕಿದ ದಿನ ಕೆಳಗಿನ ಚಹಾದ ಅಂಗಡಿಯ ದಾದಾಸಾಬ ಎಲ್ಲರಿಗೂ ಕೇಳುವ ಹಾಗೆ ಅಂದ:

“ಅಲ್ಲೋ ಅಮೋಘ್ಯಾ, ಕುರಿ ಕಾಯೂ ಮನಿತಾನದಾಂವ ನೀ. ಕೋಲ ಹಿಡ್ಯಾಕ ಕಲೀಲಿಕ್ಕ ಕುವೈತಿಗೆ ಹೋಗಿದ್ದೇನಲೇ?”

“ನೀ ಚಾ ಕಾಸಾಕ ಎಲ್ಲಿಗೆ ಹೋಗಿದ್ದಿ?” ಎಂದು ಅಮೋಘಸಿದ್ದ ಕೇಳಿದ. “ಎಲ್ಲಿಗೂ ಹೋಗಿಲ್ಲ ಅನ್ನೂದು ಕುಡದ್ರ ಗೊತ್ತಾಕ್ಕೈತಿ.”

ಮೊದಲ ತಿಂಗಳು ಅವನು ರೋಡೆಲ್ ಹೇಳಿದಂತೆಯೇ ಕಲಿಸಲು ನೋಡಿದ. ಕೂಗುವುದು, ತಿರುಗಿ ಓಡುವುದು, ಚೀಲ ಕೇಳಿದರೆ ಚೀಲ ಎಸೆದು ಜನ ಇದ್ದಲ್ಲಿಗೆ ಹೋಗುವುದು. ಹುಡುಗಿಯರು ಗೋದಾಮಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಿದರು, ಕೂಗಿದರು. ನೋಡಲು ಬಂದ ತಾಯಂದಿರು ಮುಖ ಮುಖ ನೋಡಿಕೊಂಡರು. ಗುರಲಿಂಗಪ್ಪ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿದರು.

“ಮಾಸ್ತರ, ಓಡೂದು ಕಲೀಲಿಕ್ಕ ನಿಮ್ಮ ಕಡೆ ಯಾಕ ಕಳಸ್ತಾರ್ರಿ? ಓಡೂದು ನಮ್ಮ ಹುಡಿಗ್ಯಾರಿಗೆ ಹುಟ್ಟಾ ಬರ್ತೈತಿ. ನಿಂದ್ರೂದು ಕಲಸ್ರಿ.”

ಕೇಳಲು ಭಾರಿ ಮಾತು. ಅಮೋಘಸಿದ್ದನಿಗೂ ಭಾರಿಯೇ ಅನಿಸಿತು. ಹೆಣ್ಣುಮಗಳೊಬ್ಬಳು ಬದುಕಿ ಮನೆಗೆ ಬರುವುದಕ್ಕಿಂತ ಅವಳು ನಿಂತು ಹೋರಾಡಿದಳು ಎನ್ನುವುದು ಈ ಊರಿನ ಗಂಡಸರಿಗೆ ಹೆಚ್ಚು ಚೆಂದ ಕಾಣುತ್ತದೆ. ಹೋರಾಡುವವರು ತಾವಲ್ಲವಲ್ಲ. ಅವಳ ಹಿಂದೆ ಗಾಡಿ ಹತ್ತಿ ಬರುವ ಗಂಡುಮಕ್ಕಳಿಗೆ ಏನಾದರೂ ಕಲಿಸುವ ಗೋದಾಮು ಊರಿನ ಯಾವ ಓಣಿಯಲ್ಲೂ ತೆರೆದಿಲ್ಲ. ಅದಕ್ಕೆ ಬಾಡಿಗೆ ಬಿಡುವ ಸಾವಕಾರರೂ ಹುಟ್ಟಿಲ್ಲ.

ಹಾಗೆ ಓಡುವ ಪಾಠ ನಿಂತಿತು, ನಿಲ್ಲುವ ಪಾಠ ಶುರುವಾಯಿತು. ಅದಕ್ಕೆ ಅಮೋಘಸಿದ್ದ ತನ್ನ ಮನೆಯ ಪದ್ಧತಿಯನ್ನೂ ಸೇರಿಸಿದ. ಸೇರಿದ ಪ್ರತಿ ಹುಡುಗಿಯ ಕೋಲಿಗೆ ಅಮಾವಾಸ್ಯೆಯ ದಿನ ಭಂಡಾರ ಹಚ್ಚಿ, ಕರಿ ಉಣ್ಣೆಯ ಕುಣಿಕೆಯನ್ನು ತನ್ನ ಕೈಯಾರೆ ಕಟ್ಟಿಕೊಡುತ್ತಿದ್ದ. ಕುಣಿಕೆಯನ್ನು ಎರಡು ಸುತ್ತು ಹಾಕಿ ಮಣಿಕಟ್ಟಿಗೆ ಬಿಗಿ ಮಾಡಿಕೊಳ್ಳಬೇಕು. ಕೋಲು ಬೀಳಿಸಿದವಳು ಅದನ್ನು ಕಣ್ಣಿಗೆ ಒತ್ತಿಕೊಂಡು ಹತ್ತು ಬಸ್ಕಿ ಹೊಡೆಯಬೇಕು. “ಕೋಲ ಬಿಡಬ್ಯಾಡ” ಎಂದು ಅವನು ಕೂಗಿದರೆ “ಬಿಡಂಗಿಲ್ಲ” ಎಂದು ನಲವತ್ತು ಹುಡುಗಿಯರು ಕೂಗುತ್ತಿದ್ದರು. ಕೆಳಗೆ ದಾದಾಸಾಬನ ಗಿರಾಕಿಗಳು ಕಪ್ಪು ಹಿಡಿದು ಮೇಲೆ ನೋಡುತ್ತಿದ್ದರು. ಅಮೋಘಸಿದ್ದನಿಗೆ ಮೈಯೆಲ್ಲ ರೋಮಾಂಚನ.

ಆ ನಲವತ್ತರಲ್ಲಿ ಒಬ್ಬಳು ಕಸ್ತೂರಿ. ಬಬಲೇಶ್ವರದವಳು, ಬಿ.ಎ. ಎರಡನೆಯ ವರ್ಷ. ಬೆಳಗಿನ ಮೊದಲ ಬಸ್ಸಿಗೆ ಬಂದು, ಕೋಲು ತಿರುಗಿಸಿ, ಆಮೇಲೆ ಕಾಲೇಜಿಗೆ ಹೋಗುತ್ತಿದ್ದಳು. ಪೊಲೀಸ್ ಕಾನ್‌ಸ್ಟೇಬಲ್ ಆಗುವುದು ಅವಳ ಹಟ. ಓಟ ಬರುತ್ತಿತ್ತು, ಉದ್ದಜಿಗಿತ ಬರುತ್ತಿತ್ತು. ಗುಂಡು ಎಸೆತಕ್ಕೆ ಬಲಗೈಯಲ್ಲಿ ಕಸುವು ಬೇಕೆಂದು ಕೋಲು ಹಿಡಿದಿದ್ದಳು. ಅಪ್ಪ ಟ್ರ್ಯಾಕ್ಟರ್ ಡ್ರೈವರ್. ಅವ್ವ ಬೋರವ್ವ ದ್ರಾಕ್ಷಿ ಹಂಗಾಮಿನಲ್ಲಿ ಟಿಕೋಟದ ತಂಗಿಯ ಮನೆಯಲ್ಲಿದ್ದುಕೊಂಡು ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಶನಿವಾರ ಕಸ್ತೂರಿ ಕಾಲೇಜು ಮುಗಿಸಿ ಅವ್ವನ ಹತ್ತಿರ ಹೋಗುವುದು ರೂಢಿ.

ಮಾರ್ಚ್ ತಿಂಗಳ ಒಂದು ಶನಿವಾರ ಸಂಜೆ ಐದೂವರೆ. ಬಿಸಿಲು ಇನ್ನೂ ಕಣ್ಣು ಕುಕ್ಕುತ್ತಿತ್ತು. ಟಿಕೋಟದಲ್ಲಿ ಬಸ್ಸಿಳಿದು ಶೆಡ್ಡಿನ ಹಾದಿ ಹಿಡಿದಳು. ಹೆಗಲಿಗೆ ಚೀಲ, ಕೈಯಲ್ಲಿ ಕೋಲು, ಮಣಿಕಟ್ಟಿಗೆ ಎರಡು ಸುತ್ತು ಕುಣಿಕೆ. ಹಿಂದಿನಿಂದ ಮೋಟಾರ್ ಸೈಕಲ್ಲಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಚೀಲಕ್ಕೆ ಕೈ ಹಾಕಿದ. ಕಸ್ತೂರಿ ಕಲಿತ ಮೊದಲ ಹೊಡೆತವನ್ನೇ ಕೊಟ್ಟಳು, ಮೇಲಿನಿಂದ ಓರೆಯಾಗಿ, ಅವನ ಮಣಿಕಟ್ಟಿಗೆ. ಸರಿಯಾಗಿ ಬಿತ್ತು. ಅವನು ಕೈ ಝಾಡಿಸುತ್ತ ಬಾಯಿ ಮಾಡಿದ, ಚೀಲ ಉಳಿಯಿತು, ಗಾಡಿ ಮುಂದೆ ಹೋಯಿತು.

ಹೋದದ್ದು ಅಷ್ಟು ದೂರ ಹೋಗಿ ತಿರುಗಿತು.

ಗಾಡಿ ತಿರುಗಿ ಬರುವಷ್ಟು ಹೊತ್ತು ಅವಳ ಕೈಯಲ್ಲಿತ್ತು. ಪಕ್ಕದಲ್ಲಿಯೇ ದ್ರಾಕ್ಷಿ ತೋಟ. ತಂತಿಯ ಸಾಲುಗಳ ನಡುವೆ ನುಗ್ಗಿದ್ದರೆ ಗಾಡಿ ಅಲ್ಲಿಗೆ ಬರುವಂತಿರಲಿಲ್ಲ. ಎದುರಿಗೆ ಶೆಡ್ಡು ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ದೂರ. ಆದರೆ ಅವಳಿಗೆ ಕಲಿಸಿದ್ದು ನಿಲ್ಲುವುದನ್ನು. ಕಾಲು ಅಗಲಿಸಿ, ಕೋಲು ಭುಜದ ಮಟ್ಟಕ್ಕೆ ಎತ್ತಿ ನಿಂತಳು. ಈ ಸಲ ಹಿಂದಿನವನು ಚೀಲ ಮುಟ್ಟಲಿಲ್ಲ. ಹೊಡೆತ ಬರುವ ಮೊದಲೇ ಕೋಲನ್ನು ಹಿಡಿದ. ಮುಂದಿನವನು ಆಕ್ಸಿಲರೇಟರ್ ತಿರುವಿದ.

ನಲವತ್ತು ಹೆಜ್ಜೆ ಎಳೆದುಕೊಂಡು ಹೋದರು. ಶೆಡ್ಡಿನ ಹೆಂಗಸರು ಬಾಯಿ ಮಾಡುತ್ತ ಹೊರಗೆ ಓಡಿಬಂದಾಗ ಕೋಲು ಬಿಟ್ಟು ಪರಾರಿಯಾದರು. ಗಾಡಿಗೆ ನಂಬರ್ ಪ್ಲೇಟ್ ಇರಲಿಲ್ಲ. ಮೊದಲು ತಲುಪಿದವಳು ಬೋರವ್ವನೇ. ಮಗಳ ಮಣಿಕಟ್ಟು ಎರಡು ಕಡೆ ಮುರಿದಿತ್ತು, ಗದ್ದ ಸುಲಿದಿತ್ತು, ಕೋಲು ಕೈಗೇ ಇತ್ತು.

ಅಮೋಘಸಿದ್ದ ಆಸ್ಪತ್ರೆ ಮುಟ್ಟಿದಾಗ ಸಬೀರಾ ಎಂಬ ನರ್ಸ್ ಬಾಗಿಲಲ್ಲೇ ಎದುರಾದಳು. ಕೋಲು ಬಿಡಿಸಲು ಅವಳೇ ಕತ್ತರಿ ಹಾಕಿದ್ದಳು. ದಾರವನ್ನು ಹತ್ತಿಯಲ್ಲಿ ಸುತ್ತಿ ಹಿಡಿದಿದ್ದಳು.

“ಇದನ್ನ ಯಾರ್ರಿ ಕಟ್ಟಿದ್ದು? ಚರ್ಮದಾಗ ಹೊಕ್ಕಿತ್ತ ಇದು. ತಗ್ಯಾಕ ಕಾಲ ತಾಸ ಬೇಕಾತು.”

“ನಮ್ಮ ಕಡೆ ಪದ್ಧತಿ ಐತ್ರಿ.”

“ಚಲೋ ಪದ್ಧತಿ ಬಿಡ್ರಿ,” ಎಂದು ಅವನ ಕೈಗೆ ಹಾಕಿ ಹೋದಳು.

ಒಳಗೆ ಕಸ್ತೂರಿ ಕಣ್ಣು ತೆರೆದೇ ಮಲಗಿದ್ದಳು. ಅವನನ್ನು ನೋಡಿ ಏಳಲು ಹೋದಳು. ತುಟಿ ಬಾತಿತ್ತು, ಮಾತು ತಡೆದು ತಡೆದು ಬಂತು.

“ಕೋಲ ಬಿಡಲಿಲ್ರಿ ಸರ.”

ಆಗ ಅವನು ಹೇಳಬೇಕಾದದ್ದು ಬಹಳವಿತ್ತು. ಬಿಡಬೇಕಿತ್ತು ಮಗಳೇ ಎನ್ನಬಹುದಿತ್ತು. ನನಗೆ ಕಲಿಸಿದವನು ಬಿಡು ಎಂದೇ ಕಲಿಸಿದ್ದ, ನಾನು ಮುಚ್ಚಿಟ್ಟೆ ಎನ್ನಬಹುದಿತ್ತು. ಏನೂ ಬಾರದಿದ್ದರೆ ಸುಮ್ಮನೆ ನಿಲ್ಲಬಹುದಿತ್ತು. ಜೇಬಿನಲ್ಲಿ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವನು ಅಂದದ್ದು, “ಶಹಬ್ಬಾಸ್, ಮಗಳ.”

ಕಸ್ತೂರಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನೋವಿಗೆ ಇರಬೇಕು ಎಂದುಕೊಂಡ.

ಊರಿಗೆ ಒಂದು ಹೆಮ್ಮೆ ಬೇಕಾಗಿತ್ತು, ಸಿಕ್ಕಿತು. ಹದಿನೈದು ದಿನಕ್ಕೆ ಗುರಲಿಂಗಪ್ಪನವರು ಗೋದಾಮಿನಲ್ಲಿಯೇ ಸನ್ಮಾನ ಇಟ್ಟುಕೊಂಡರು. ಮೂಳೆ ಮುರಿದರೂ ಕೋಲು ಬಿಡದ ಹುಡುಗಿ ಎಂದು ಬ್ಯಾನರ್ ಬರೆಸಿದ್ದರು. ಕೊರಳಿಗೆ ಕೈ ಕಟ್ಟಿಕೊಂಡು ಕೂತಿದ್ದ ಕಸ್ತೂರಿಗೆ ಶಾಲು ಹೊದಿಸಿದರು, ಮಾಸ್ತರನಿಗೂ ಹೊದಿಸಿದರು. ಫೋಟೋಕ್ಕಾಗಿ ಎಡಗೈಯಲ್ಲಿ ಕೋಲು ಎತ್ತು ಎಂದರು. ಅವಳು ನೆಲ ನೋಡುತ್ತ ಎತ್ತಿದಳು. “ಇನ್ನಷ್ಟ ಮ್ಯಾಲೆ, ತಂಗಿ, ಇನ್ನಷ್ಟ ಮ್ಯಾಲೆ.” ಮೂರು ಜನ ಭಾಷಣ ಮಾಡಿದರು. ಶೆಡ್ಡುಗಳಿಗೆ ದಿನಾ ನೂರಾರು ಹೆಂಗಸರು ನಡೆದು ಹೋಗುವ ಹಾದಿಯಲ್ಲಿ ಆ ಇಬ್ಬರು ಹಾಡುಹಗಲೇ ಅಷ್ಟು ಧೈರ್ಯದಿಂದ ಎರಡು ಸಲ ಹೇಗೆ ಬಂದರು ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಆ ಕೈ ಮತ್ತೆ ಮಡಚುತ್ತದೆಯೇ ಎಂದೂ ಕೇಳಲಿಲ್ಲ. ಕೇಳಿದ್ದರೆ ಚಪ್ಪಾಳೆಗೆ ಅಡ್ಡಿಯಾಗುತ್ತಿತ್ತು.

ಅಮೋಘಸಿದ್ದನ ತರಗತಿ ದುಪ್ಪಟ್ಟಾಯಿತು. ಅಮಾವಾಸ್ಯೆಗೆ ಮತ್ತೆ ಹೊಸ ಕೋಲುಗಳು ಬಂದವು. ಅವನು ಕೂತು ಕುಣಿಕೆ ಕಟ್ಟಿದ. ಕಟ್ಟದಿದ್ದರೆ ಯಾಕೆ ಎಂದು ಯಾರಾದರೂ ಕೇಳಿಯಾರು ಎಂಬ ಭಯ. ಹೀಗೆ ಮನುಷ್ಯ ತನ್ನ ಒಂದು ತಪ್ಪು ಹೊರಗೆ ಬೀಳಬಾರದೆಂದು ಅದನ್ನೇ ನಲವತ್ತು ಸಲ ಮತ್ತೆ ಮಾಡುತ್ತಾನೆ.

ಮನೆಯಲ್ಲಿ ಹೆಂಡತಿ ಭಾಗ್ಯಾ ಅರಿವೆ ಒಗೆಯುವಾಗ ಅಂಗಿಯ ಜೇಬಿನಿಂದ ದಾರವನ್ನು ತೆಗೆದಳು.

“ಇದೇನ್ರಿ, ನಾಕ ಅಂಗಿ ಬದಲಾದ್ರೂ ಇದ ಮಾತ್ರ ಜೇಬಿನ್ಯಾಗ ಇರ್ತೈತಿ. ಒಗೀಲೇನು?”

“ಇಡ.”

“ಅದರಾಗ ರಕ್ತದ ಕಲಿ ಐತಿ.”

“ಗೊತ್ತೈತಿ. ಇಡ ಅಂದೆ.”

ಅವಳೂ ಕುರಿ ಮನೆತನದ ಹೆಣ್ಣುಮಗಳು. ಆ ದಾರ ಏನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. “ಆ ಹುಡಿಗಿ ಮನಿಗೆ ಹೋಗಿ ಬರ್ರಿ,” ಎಂದಳು, ಅಷ್ಟೇ. ಆಮೇಲೆ ಪ್ರತಿ ವಾರ ಅದೇ ಮಾತು. ಪ್ರತಿ ವಾರ ಅವನಿಗೆ ಬೇರೆ ಏನೋ ಕೆಲಸ.

ಜುಲೈನಲ್ಲಿ ದೈಹಿಕ ಪರೀಕ್ಷೆ ಬಂತು. ಕಸ್ತೂರಿ ಓಡಿದಳು, ಜಿಗಿದಳು. ಗುಂಡು ಎತ್ತಿ ಕತ್ತಿನ ಬಳಿ ಇಟ್ಟುಕೊಂಡಾಗ ಬೆರಳು ಮುಚ್ಚಲಿಲ್ಲ, ಗುಂಡು ಅವಳ ಕಾಲ ಬಳಿಯೇ ಬಿತ್ತು. ಮೂರು ಸಲವೂ ಅಲ್ಲೇ ಬಿತ್ತು. ಈ ಸುದ್ದಿಯನ್ನು ಜೊತೆಯ ಹುಡುಗಿಯೊಬ್ಬಳು ತರಗತಿಯಲ್ಲಿ ಹೇಳಿದ್ದು ಶನಿವಾರ. ಭಾನುವಾರ ಬೆಳಗ್ಗೆ ಅಮೋಘಸಿದ್ದ ಸ್ಕೂಟರ್ ಹತ್ತಿ ಬಬಲೇಶ್ವರದ ದಾರಿ ಹಿಡಿದ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡ. ಮನೆಯ ಕಟ್ಟೆ ಕಂಡಾಗ ಒಂದೂ ಉಳಿದಿರಲಿಲ್ಲ.

ಬೋರವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು “ಬರ್ರಿ ಮಾಸ್ತರ, ಕೂಡ್ರಿ” ಎಂದಳು. ಕೈ ನಿಲ್ಲಿಸಲಿಲ್ಲ. ತುಸು ಹೊತ್ತಾದ ಮೇಲೆ ಜೋಳಕ್ಕೇ ಹೇಳುವಂತೆ ಅಂದಳು:

“ನಾ ಸಾಲಿ ಕಲ್ತಾಕಿ ಅಲ್ರಿ. ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎತ್ತು ಬೆದರಿ ಓಡಾಕತ್ರ ನಾವು ಹಗ್ಗ ಬಿಡ್ತೀವಿ. ಕೈಗೆ ಸುತ್ತಿಕೊಂಡಿದ್ರ ಬೆರಳ ಕಿತ್ತ ಹೋಗ್ತಾವು ಅಂತ ಸಣ್ಣ ಹುಡುಗರಿಗೂ ಹೇಳ್ತೀವಿ. ಕೋಲಿಗೆ ಯಾಕ್ರಿ ಬ್ಯಾರೆ ಕಾಯ್ದೆ?”

ಅಷ್ಟರಲ್ಲಿ ಒಳಗಿನಿಂದ ಕಸ್ತೂರಿ ಬಂದು ಹೊಸ್ತಿಲಲ್ಲಿ ನಿಂತಳು. ಬಲಗೈಯನ್ನು ಓಢಣಿಯೊಳಗೆ ಮುಚ್ಚಿಕೊಂಡಿದ್ದಳು.

“ಸರ, ನೀವು ಬಂದಿದ್ದ ಚಲೋ ಆತು. ನಿಮಗೊಂದು ಸುಳ್ಳ ಹೇಳೇನ್ರಿ ನಾ.”

“ಏನವ್ವಾ?”

“ಅವತ್ತ ನಾ ಕೋಲ ಬಿಟ್ಟಿದ್ದೆರಿ.” ಅವಳು ಗಡಬಡಿಸಿ ಹೇಳತೊಡಗಿದಳು, ನಿಲ್ಲಿಸಿದರೆ ಮತ್ತೆ ಬಾರದು ಎನ್ನುವಂತೆ. “ಅಂವ ಜಗ್ಗಿದ ಕೂಡ್ಲೇ ಬಿಟ್ಟೆ. ಹೆದರಿ ಬಿಟ್ಟೆ. ನನ್ನ ಕೈ ತೆರದ ಇತ್ತರಿ, ಕೋಲ ಹೋಗವಲ್ದು. ದವಾಖಾನ್ಯಾಗ ನಿಮ್ಮ ಮಾರಿ ನೋಡಿ ಬಿಡಲಿಲ್ಲ ಅಂದುಬಿಟ್ಟೆ. ನೀವು ಶಹಬ್ಬಾಸ್ ಅಂದ್ರಿ. ಶಾಲ ಹೊಚ್ಚಿಸಿದ್ರು. ಎದ್ದು ಹೇಳಿಬಿಡಬೇಕ ಅನಸ್ತು, ಬಾಯಿ ಬರಲಿಲ್ಲ. ಮೊನ್ನಿ ಗುಂಡ ಕೈಯಾಗಿಂದ ಬಿದ್ದಾಗ ಇದ ನನಗ ಆಗಬೇಕಾದದ್ದ ಅನಸ್ತರಿ. ಸುಳ್ಳ ಹೇಳಿ ಶಾಲ ಹೊಚಗೊಂಡಾಕಿ ನಾ.”

ಬೋರವ್ವನ ಕೈಯಲ್ಲಿ ಜೋಳ ನಿಂತಿತು. ಇದನ್ನು ಅವಳೂ ಈಗಲೇ ಕೇಳುತ್ತಿದ್ದಳು.

ಅಮೋಘಸಿದ್ದ ಜೇಬಿನಿಂದ ದಾರ ತೆಗೆದು ಕಟ್ಟೆಯ ಮೇಲಿಟ್ಟ. ಕುಣಿಕೆಯ ಗಂಟು ಹಾಗೆಯೇ ಇತ್ತು. ಕತ್ತರಿ ಬಿದ್ದದ್ದು ಬೇರೆ ಕಡೆ.

“ನೀ ಹೇಳಿದ್ದ ಸುಳ್ಳಲ್ಲ, ಕಸ್ತೂರಿ. ನಾ ಹೇಳಿದ್ದ ಸುಳ್ಳು,” ಎಂದ. “ನಿನ್ನ ಕೈಗೆ ಶ್ಯಾಣ್ಯಾತನ ಇತ್ತು, ಅದು ಬಿಟ್ಟಿತ್ತು. ಇದು ಬಿಡಲಿಲ್ಲ. ಇದನ್ನ ಕಟ್ಟಿದಾಂವ ನಾ. ನನಗ ಕಲಿಸಿದಾಂವ ಕೋಲ ಹಿಡದ್ರ ಬಿಡು, ಬಿಟ್ಟು ಓಡು ಅಂತ ಆರ ವರ್ಷ ಹೇಳ್ಯಾನ. ಇಂಥಾ ದಾರಾನ ನನ್ನ ಕೋಲಿನ ಮ್ಯಾಲಿಂದ ಕತ್ತರಿಸಿ ನನ್ನ ಕೈಗೆ ಕೊಟ್ಟಾನ. ಅದನ್ನ ನಾ ನಿಮಗ್ಯಾರಿಗೂ ಹೇಳಲಿಲ್ಲ. ಓಡೂ ವಿದ್ಯಾ ಯಾರಿಗೂ ಬ್ಯಾಡಾಗಿತ್ತು. ನನಗೂ ಬ್ಯಾಡಾಗಿತ್ತು.”

ಕಸ್ತೂರಿ ದಾರವನ್ನೇ ನೋಡಿದಳು. ಮುಟ್ಟಲಿಲ್ಲ.

“ಯಾವಾಗ ಗೊತ್ತಾತ್ರಿ ನಿಮಗ ಇದು?”

ಇಲ್ಲಿಯಾದರೂ ಒಂದು ಸಣ್ಣ ಸುಳ್ಳು ಹೇಳಬಹುದಿತ್ತು. ನಿನ್ನೆ ಎನ್ನಬಹುದಿತ್ತು.

“ದವಾಖಾನ್ಯಾಗ. ನಿನ್ನ ನೋಡೂಕಿಂತ ಮೊದಲ.”

“ಶಹಬ್ಬಾಸ್ ಅನ್ನೂಕಿಂತ ಮೊದಲ.”

“ಹೂಂ.”

ಓಣಿಯಲ್ಲಿ ಯಾರೋ ಆಡು ಹೊಡೆದುಕೊಂಡು ಹೋದರು. ಅಮೋಘಸಿದ್ದ ಬೈಗುಳಕ್ಕೆ ಕಾಯ್ದ. ಬೈದರೆ ಸಾಕು, ತಲೆ ಬಾಗಿಸಿ ಕೇಳಿ, ಕಾಲಿಗೆ ಬೀಳಬೇಕೆಂದರೆ ಬಿದ್ದು ಹೋಗೋಣ ಎಂದುಕೊಂಡಿದ್ದ. ಅವಳು ಬೈಯಲಿಲ್ಲ.

“ಕೈ ಮುರದಾವರು ಆ ಗಾಡಿಯಾವರು, ಸರ. ಅವರು ಕಳ್ಳರು, ಬಿಡ್ರಿ. ದಾರ ಕಟ್ಟಿದ್ದೂ ಗೊತ್ತಿಲ್ಲದ ಕಟ್ಟಿದ್ರಿ ಅನ್ನೂಣು. ಆದ್ರ ಈ ನಾಕ ತಿಂಗಳ ನಾ ಹೇಡಿ, ನಾ ಸುಳ್ಳಿ ಅಂತ ಮಲಗೇನಿ, ಎದ್ದೇನಿ. ಅದು ನಿಮ್ಮದು.”

ಅಮೋಘಸಿದ್ದ ಏನೋ ಹೇಳಲು ಬಾಯಿ ತೆರೆದ. ದೊಡ್ಡ ಡಾಕ್ಟರಿಗೆ ತೋರಿಸೋಣ, ಮುಂದಿನ ವರ್ಷ ಮತ್ತೆ ಪರೀಕ್ಷೆ ಬರುತ್ತದೆ, ನಾನೇ ನಿಂತು ತಯಾರಿ ಮಾಡಿಸುತ್ತೇನೆ, ಎಡಗೈಯಲ್ಲಿ ಎಸೆಯುವುದನ್ನು ಕಲಿಸುತ್ತೇನೆ. ಎಲ್ಲವೂ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಮಾತೇ ಎಂದು ಆಡುವ ಮೊದಲೇ ತಿಳಿದು ಬಾಯಿ ಮುಚ್ಚಿದ. ಬೋರವ್ವ ಎದ್ದು ಒಳಗೆ ಹೋಗಿ ಚಹಾ ತಂದು ಅವನ ಮುಂದಿಟ್ಟಳು. ಕುಡಿಯಿರಿ ಎನ್ನಲಿಲ್ಲ. ಆ ಮನೆಯಲ್ಲಿ ಬಂದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ, ಅದಕ್ಕೆ ಕೊಟ್ಟಳು.

“ಯವ್ವಾ, ನಾಳಿಗೆ ಗೋದಾಮಿಗೆ ಬಾ,” ಎಂದು ಅವನು ಕೊನೆಗೆ ಕಸ್ತೂರಿಗೆ ಅಂದ. “ಎಲ್ಲಾರ ಮುಂದ ಹೇಳ್ತೀನಿ.”

“ನಾ ಬರಂಗಿಲ್ರಿ. ಹೇಳ್ರಿ ನೀವ. ನನ್ನ ಹೆಸರ ತಗೋಬ್ಯಾಡ್ರಿ.” ಹೊಸ್ತಿಲು ದಾಟಿ ಒಳಗೆ ಹೋದವಳು ಮತ್ತೆ ತಿರುಗಿದಳು. “ಇಲ್ರಿ, ತಗೋರಿ. ಕಸ್ತೂರಿ ಕೋಲ ಬಿಟ್ಟಿದ್ಲು ಅಂತ ಹೇಳ್ರಿ. ಬಿಟ್ಟಿದ್ದ ಬರೋಬರಿ ಇತ್ತು ಅಂತನೂ ಹೇಳ್ರಿ.”

ಸೋಮವಾರ ಬೆಳಗ್ಗೆ ಅಮೋಘಸಿದ್ದ ಗೋದಾಮಿಗೆ ಬಂದದ್ದು ಕುರಿಯ ಉಣ್ಣೆ ಕತ್ತರಿಸುವ ಅಪ್ಪನ ಕಾಲದ ದೊಡ್ಡ ಕತ್ತರಿ ಹಿಡಿದು. ಗುರಲಿಂಗಪ್ಪನವರನ್ನೂ ಕರೆದಿದ್ದ. ಎಂಬತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಅವನು ಹೇಳಿದ. ಭಾಷಣ ಬಾರದವನು, ಹಿಂದುಮುಂದಾಗಿ ಹೇಳಿದ. ದಾರವನ್ನು ಎತ್ತಿ ತೋರಿಸಿದ. ಕಸ್ತೂರಿ ಕೋಲು ಬಿಟ್ಟಿದ್ದಳು, ಬಿಟ್ಟದ್ದು ಸರಿಯಿತ್ತು, ಕಟ್ಟಿದ್ದು ತಪ್ಪಾಗಿತ್ತು ಎಂದು ಮೂರು ಸಲ ಹೇಳಿದ.

ಗುರಲಿಂಗಪ್ಪ ಅವನನ್ನು ಮೂಲೆಗೆ ಕರೆದರು. “ಮಾಸ್ತರ, ನಾಕ ತಿಂಗಳ ಹಿಂದ ಊರ ಮಂದಿ ಮುಂದ ಶಾಲ ಹೊಚ್ಚಿಸೇವಿ. ಈಗ ಬಿಟ್ಟಿದ್ಲು ಅಂದ್ರ ನಮ್ಮ ಮಾರಿ ಎಲ್ಲಿಡೂಣು? ಆಗಿದ್ದ ಆಗೇತಿ. ಹುಡಿಗೀಗೂ ಒಂದ ಹೆಸರ ಬಂದೈತಿ.”

“ಆ ಹೆಸರ ಆಕಿಗೆ ಬ್ಯಾಡಂತ್ರಿ, ಸಾವಕಾರ್ರ,” ಎಂದ ಅಮೋಘಸಿದ್ದ. ಚೀಲದಿಂದ ತನ್ನ ಶಾಲು ತೆಗೆದು ಮಡಿಕೆ ಕೆಡದಂತೆ ಅವರ ಕೈಯಲ್ಲಿಟ್ಟ. ಅವರು ಅದನ್ನು ಹಿಡಿದುಕೊಂಡೇ ಮೆಟ್ಟಿಲು ಇಳಿದು ಹೋದರು. ಬಾಡಿಗೆಯ ಮಾತು ಆ ವಾರದಲ್ಲೇ ಬರುತ್ತದೆಂದು ಅವನಿಗೆ ಗೊತ್ತಿತ್ತು.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಕುಣಿಕೆ ಕತ್ತರಿಸಿದ. ಉಣ್ಣೆಯ ತುಂಡುಗಳು ಕಾಲ ಬಳಿ ಗುಡ್ಡೆಯಾದವು. ಕೆಲವು ಹುಡುಗಿಯರು ಅತ್ತರು. ದೇವರ ಭಂಡಾರ ಹಚ್ಚಿದ ದಾರಕ್ಕೆ ಕತ್ತರಿ ಹಾಕಬಾರದೆಂದು ಒಬ್ಬಳು ಕೋಲು ಕೊಡಲಿಲ್ಲ, ಎದೆಗೆ ಅವಚಿಕೊಂಡು ಮನೆಗೆ ಹೋದಳು. ವಾರ ಮುಗಿಯುವಷ್ಟರಲ್ಲಿ ಅರ್ಧ ತರಗತಿ ಖಾಲಿಯಾಯಿತು.

ಆದರೆ ಆ ಸೋಮವಾರ ಇದ್ದವರಿಗೆ ಅವನು ಪಾಠ ಮಾಡಿದ, ಹದಿನಾರು ವರ್ಷ ತಡವಾದ ಪಾಠ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿದ. ಎದುರಿನವಳು ಕೋಲು ಹಿಡಿದು ಜಗ್ಗಬೇಕು, ಇವಳು ಬಿಟ್ಟು ಬಾಗಿಲ ಕಡೆ ಓಡಬೇಕು. “ಬಿಡ್ರಿ,” ಎಂದು ಕೂಗಿದ. ಯಾರೂ ಬಿಡಲಿಲ್ಲ. ಮತ್ತೆ ಕೂಗಿದ. ಮುಂದಿನ ಸಾಲಿನ ರಾಜೇಶ್ವರಿ ಎಂಬ ಹದಿನಾಲ್ಕರ ಹುಡುಗಿ ಕಣ್ಣು ಮುಚ್ಚಿ ಕೈ ತೆರೆದಳು. ಅಷ್ಟರಲ್ಲಿ ಜಗ್ಗುತ್ತಿದ್ದವಳೂ ಗಾಬರಿಯಾಗಿ ಬಿಟ್ಟಳು. ಕೋಲು ಕಲ್ಲಿನ ನೆಲಕ್ಕೆ ಬಿದ್ದು ಉರುಳಿತು.

ರಾಜೇಶ್ವರಿ ಓಡಲಿಲ್ಲ. ಬಾಗಿ, ಕೋಲನ್ನು ಎರಡೂ ಕೈಯಿಂದ ಎತ್ತಿ, ಅವನು ಕಲಿಸಿದ್ದಂತೆಯೇ ಕಣ್ಣಿಗೆ ಒತ್ತಿಕೊಂಡು, ಬಸ್ಕಿ ಹೊಡೆಯಲು ನಿಂತಳು.

“ಬ್ಯಾಡವ್ವಾ,” ಎಂದ ಅಮೋಘಸಿದ್ದ. “ಅದನ್ನ ಅಲ್ಲೇ ಬಿಡು. ನೀ ಓಡು.”

ಅವಳು ಕೋಲು ಕೆಳಗಿಡಲಿಲ್ಲ. ಬಾಗಿಲನ್ನೊಮ್ಮೆ, ಅವನನ್ನೊಮ್ಮೆ ನೋಡುತ್ತ ಅಲ್ಲೇ ನಿಂತಳು.